ಕಣ್ಣು ಹೊರಳಿದತ್ತ ಹೊರಳುವ ಕೋವಿ

ಘಾಟ್ಕೋಪರಿನಲ್ಲಿ ನೆಲೆಸಿದ ನಮಗೆ ಆಕಾಶವೆಂದರೆ ಮೊದಲು ಸದ್ದು. ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಇಲ್ಲಿನ ಗುಡ್ಡಗಳ ತಗಡಿನ ಮಾಡುಗಳನ್ನೂ ಬಹುಮಹಡಿ ಕಟ್ಟಡಗಳ ನೀರಿನ ಟಾಂಕಿಗಳನ್ನೂ ತಗ್ಗಿನಲ್ಲಿ ದಾಟಿ ಹೋಗುತ್ತವೆ. ಬಳಗದ ಸಭೆಯಲ್ಲಿ ಕವಿತೆ ಓದುವವರು ಆ ಸದ್ದು ಸರಿಯುವವರೆಗೆ ತಡೆದು, ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸುತ್ತಾರೆ. ತಲೆಯೆತ್ತಿ ನೋಡುವ ಅಭ್ಯಾಸ ನಮಗೆ ಎಂದೋ ತಪ್ಪಿದೆ.

2018ರ ಜೂನ್ 28ರಂದು ಮಾತ್ರ ಎಲ್ಲರೂ ನೋಡಬೇಕಾಯಿತು. ಪರೀಕ್ಷಾ ಹಾರಾಟದಲ್ಲಿದ್ದ ಸಣ್ಣ ವಿಮಾನವೊಂದು ಸರ್ವೋದಯ ನಗರದಲ್ಲಿ ಬಿದ್ದು ಉರಿಯಿತು. ಒಳಗಿದ್ದ ನಾಲ್ವರೊಂದಿಗೆ, ಅದೇ ದಾರಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬ ಪಾದಚಾರಿಯೂ ಸತ್ತರು. ಮೇಲಿನವರಿಗೆ ಆ ಮನುಷ್ಯ ಯಾರೆಂದು ತಿಳಿದಿರಲಿಲ್ಲ. ಅವರಿಗೂ ಮೇಲಿನವರು ಯಾರೆಂದು ಗೊತ್ತಿರಲಿಲ್ಲ. ಅದು ಅಪಘಾತ. ಆದರೆ ಮೇಲಿನಿಂದ ನೋಡಿಯೇ ಕೊಲ್ಲಲೆಂದು ರೂಪುಗೊಂಡ ಯಂತ್ರಗಳೂ ಲೋಕದಲ್ಲಿವೆ. ಅವುಗಳಲ್ಲೊಂದರ ಎಳೆ ನಮ್ಮ ನಾಡಿಗೂ ಬಂದು ತಾಗಿದೆ.

ಬಳಗದ ಹಿರಿಯರೊಬ್ಬರ ಅಣ್ಣನ ಮಗಳು ಬೆಂಗಳೂರಿನಲ್ಲಿ ವಿಮಾನದ ತಂತಿಗಳನ್ನು ಕಟ್ಟುಗಟ್ಟುವ ಘಟಕವೊಂದರಲ್ಲಿ ದುಡಿಯುತ್ತಾಳೆ. ನೂರಾರು ತಂತಿಗಳನ್ನು ನಕ್ಷೆಯಂತೆ ಹರಡಿ, ಕವಲು ಕವಲಾಗಿ ಬಿಗಿಯುವ ಕೆಲಸ. ಮಲ್ಲಿಗೆ ಕಟ್ಟಿ ಪಳಗಿದ ಬೆರಳಿಗೆ ಅದು ಬೇಗ ಒಲಿಯಿತೆಂದು ಅವರು ಹೆಮ್ಮೆಯಿಂದ ಹೇಳಿದರು. ಅದೆಲ್ಲ ಎಲ್ಲಿಗೆ ಹೋಗುತ್ತದೆಂದು ಕೇಳಿದಾಗ ಅವಳೆಂದಳಂತೆ: "ಯಾವ ದೇಶಕ್ಕೋ ನನಗೇನು ಗೊತ್ತು ಚಿಕ್ಕಪ್ಪ, ಗಂಟು ಬಿಗಿಯಾಗಿರಬೇಕು ಅಷ್ಟೆ."

ಬೆಂಗಳೂರಿನಲ್ಲಿ ಇಂಥ ಘಟಕಗಳು ಹಲವು. ಅವುಗಳಲ್ಲಿ ರಾಸೆಲ್ ಟೆಕ್ಸಿಸ್ ಸಂಸ್ಥೆ ಬೋಯಿಂಗ್ ಕಂಪನಿಯ ಅಪಾಚೆ ಹೆಲಿಕಾಪ್ಟರಿಗೆ ತಂತಿಕಟ್ಟುಗಳನ್ನು ಒದಗಿಸುತ್ತದೆ. ಅಪಾಚೆಯ ಒಡಲು ತಯಾರಾಗುವುದು ಹೈದರಾಬಾದಿನ ಟಾಟಾ–ಬೋಯಿಂಗ್ ಕಾರ್ಖಾನೆಯಲ್ಲಿ. ಅಲ್ಲಿಂದ ಮೊದಲ ಒಡಲು ಹೊರಟದ್ದು, ಸರ್ವೋದಯ ನಗರದಲ್ಲಿ ವಿಮಾನ ಬಿದ್ದ ಅದೇ ಜೂನ್ ತಿಂಗಳಲ್ಲಿ. ಅಮೆರಿಕದ ಸೇನೆಯೂ ಅವುಗಳ ಗಿರಾಕಿ.

ಅಪಾಚೆಯಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ಕುಳಿತಿರುತ್ತಾರೆ. ಶಿರಸ್ತ್ರಾಣದಿಂದ ಬಲಗಣ್ಣಿನ ಮುಂದೆ ಸಣ್ಣ ಗಾಜೊಂದು ಇಳಿಬಿದ್ದಿರುತ್ತದೆ. ತಲೆ ಹೊರಳಿದತ್ತ ಮೂತಿಯ ಕೆಳಗಿನ 30 ಮಿಲಿಮೀಟರ್ ಕೋವಿಯೂ ಹೊರಳುತ್ತದೆ. ನೋಡುವುದಕ್ಕೂ ಗುರಿಯಿಡುವುದಕ್ಕೂ ನಡುವೆ ಕೈಯೆತ್ತುವಷ್ಟು ಹೊತ್ತೂ ಉಳಿಯದು. ಆ ನೋಟವನ್ನು ಕೋವಿಗೆ ಮುಟ್ಟಿಸುವುದು ತಂತಿಗಳೇ.

ಆ ನೋಟ ಏನನ್ನು ಕಂಡೀತು? 2007ರ ಜುಲೈ 12ರಂದು ಬಾಗ್ದಾದಿನಲ್ಲಿ ಎರಡು ಅಪಾಚೆಗಳು ಬೀದಿಯಲ್ಲಿದ್ದ ಜನರ ಮೇಲೆ ಗುಂಡು ಹಾರಿಸಿದವು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಒಬ್ಬ ಛಾಯಾಗ್ರಾಹಕ, ಒಬ್ಬ ಚಾಲಕ. ಕ್ಯಾಮೆರಾ ಮೇಲಿನವರಿಗೆ ಆಯುಧವಾಗಿ ತೋರಿತು. ಗಾಯಾಳುವನ್ನು ಎತ್ತಿಕೊಳ್ಳಲು ಬಂದ ವ್ಯಾನಿನ ಮೇಲೂ ಗುಂಡು ಬಿತ್ತು. ಒಳಗೆ ಇಬ್ಬರು ಮಕ್ಕಳಿದ್ದರು, ಗಾಯಗೊಂಡು ಬದುಕಿದರು. 2010ರಲ್ಲಿ ಬಯಲಾದ ಚಿತ್ರೀಕರಣದಿಂದ ಲೋಕ ಇದನ್ನೆಲ್ಲ ಕಂಡಿತು. ಗಾಜು ಆಕಾರವನ್ನು ಕಾಣಿಸಿತು, ಮನುಷ್ಯನನ್ನು ಕಾಣಿಸಲಿಲ್ಲ.

ಇದು ಪರದೇಶದ ಸೇನೆಯ ಕಥೆ, ನಮಗೇನು ಎನ್ನಬಹುದು. ನಮ್ಮದೇ ಆದ ಪ್ರಚಂಡವಿದೆ. ಕಾರ್ಗಿಲ್‌ನ ಎತ್ತರದಲ್ಲಿ, 1999ರಲ್ಲಿ, ನಮ್ಮ ಯೋಧರಿಗೆ ಮೇಲಿನಿಂದ ಆಸರೆಯಾಗಬಲ್ಲ ಇಂಥ ಯಂತ್ರವಿರಲಿಲ್ಲ. ಆ ಕೊರತೆಯಿಂದ ಹುಟ್ಟಿದ ಪ್ರಚಂಡ 2010ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆಗೆ ಸೇರಿತು. 2025ರ ಮಾರ್ಚ್‌ನಲ್ಲಿ ಇನ್ನೂ 156ಕ್ಕೆ ಒಪ್ಪಂದವಾಗಿದೆ. ಬೆಂಗಳೂರಿನೊಡನೆ ತುಮಕೂರೂ ಅವುಗಳ ತವರಾಗಲಿದೆ. ಆ ಆಸರೆ ಬೇಕೇ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಚಂಡದ ಕೋವಿಯ ಮೂಲ ಫ್ರಾನ್ಸ್, ಅಪಾಚೆಯ ತಂತಿ ಬೆಂಗಳೂರಿನದು. ಯಾವುದು ನಮ್ಮದು, ಯಾವುದು ಪರರದು?

ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ಪ್ರಶ್ನೆ ಹೊಸದಲ್ಲ. ಮುಂಬಯಿಯ ಬಂದರು, ಹೋಟೆಲು, ಗಿರಣಿಗಳಲ್ಲಿ ಬೆವರು ಸುರಿಸಿದ ಕನ್ನಡಿಗರು ಪರನಾಡೆಂದು ಕೆಲಸವನ್ನು ಅರೆಮನಸ್ಸಿನಿಂದ ಮಾಡಲಿಲ್ಲ. ದುಡಿದ ಕೈ ತನ್ನ ಕೆಲಸದ ಮೇಲೆ ಹಕ್ಕು ಸ್ಥಾಪಿಸುತ್ತದೆ. ಹಕ್ಕಿದ್ದಲ್ಲಿ ಹೊಣೆಯೂ ಇರುತ್ತದೆ. ತಂತಿ ಕಟ್ಟುವ ಹುಡುಗಿಯ ಮೇಲೆ ಆ ಹೊಣೆಯನ್ನು ಹೊರಿಸುವುದು ಅನ್ಯಾಯ. ಅವಳ ಗಂಟು ಬಿಗಿಯಾಗಿರಲಿ. "ಎಲ್ಲಿಗೆ ಹೋಗುತ್ತದೆ" ಎಂದು ಕೇಳುವ ಬಿಡುವು ಇರುವುದು ನಮಗೆ. ರಫ್ತಿನ ಅಂಕಿಗೆ ಚಪ್ಪಾಳೆ ತಟ್ಟುವಾಗ, ಅದು ಯಾರ ತಲೆಯ ಮೇಲೆ ಹಾರಲಿದೆ ಎಂದೂ ಕೇಳುವವರು ಬೇಕು. ವಿಮಾನಗಳ ಕೆಳಗೇ ಬದುಕುವವರಿಗೆ ಆ ಪ್ರಶ್ನೆ ಸಹಜವಾಗಿ ಬರಬೇಕು.