ಕೊಳತ್ತೂರಿನ ಪಟ್ಟೆ ಮೀನು

ಚೆನ್ನೈನಲ್ಲಿ ಮೀನು ಅಂದ ಕೂಡಲೇ ಎಲ್ಲರೂ ಕಾಸಿಮೇಡಿನ ಕಡೆ ಕೈ ತೋರಿಸುತ್ತಾರೆ. ಅದು ತಿನ್ನುವ ಮೀನಿನ ಜಾಗ. ಸಾಕುವ ಮೀನಿನ ಜಾಗ ಕೊಳತ್ತೂರು. ಸೆಂಟ್ರಲ್‌ನಿಂದ ಅರಕ್ಕೋಣಂ ಕಡೆಯ ಲೋಕಲ್ ಹತ್ತಿ ವಿಲ್ಲಿವಾಕ್ಕಂನಲ್ಲಿ ಇಳಿದು, ಆಟೋದವರಿಗೆ "ಕಲರ್ ಮೀನ್ ಕಡೈ" ಎಂದರೆ ಸಾಕು.

ಅಲ್ಲಿ ಸಾಲುಸಾಲಾಗಿ ಅಂಗಡಿಗಳು. ಗಾಜಿನ ತೊಟ್ಟಿಗಳು, ಏರ್ ಪಂಪಿನ ಗುಳುಗುಳು ಸದ್ದು, ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲಗಳು. ಹಿತ್ತಲಲ್ಲಿ, ತಾರಸಿಯ ಮೇಲೆ ಸಿಮೆಂಟ್ ತೊಟ್ಟಿ ಕಟ್ಟಿ ಮೀನು ಮರಿ ಮಾಡಿಸುವುದು ಇಲ್ಲಿನ ಎಷ್ಟೋ ಮನೆಗಳ ಹಳೆಯ ಕಸುಬು. ಇಲ್ಲಿಂದ ಬೇರೆ ರಾಜ್ಯಗಳಿಗೂ ಮೀನು ಹೋಗುತ್ತದೆ.

ಜನ ಮುತ್ತುವುದು ದುಬಾರಿ ಮೀನುಗಳ ಮುಂದೆ. ನಾನು ನೋಡಲು ಹೋದದ್ದು ಮೂಲೆಯ ತೊಟ್ಟಿಯ ಅಗ್ಗದ ಜೀಬ್ರಾ ಮೀನನ್ನು. ಕಿರುಬೆರಳಿಗಿಂತ ಚಿಕ್ಕದು, ಮೈ ಉದ್ದಕ್ಕೂ ನೀಲಿ ಪಟ್ಟೆ, ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ.

ಕಾರಣ ಇಷ್ಟೆ. ನನ್ನ ಅಕ್ಕನ ಮಗನಿಗೆ ಆರು ವರ್ಷ, ಇನ್ನೂ ಮಾತು ಬಂದಿಲ್ಲ. ಇತ್ತೀಚಿನ ರಕ್ತಪರೀಕ್ಷೆಯಲ್ಲಿ ಶ್ಯಾಂಕ್-3 ಎಂಬ ಜೀನಿನ ಒಂದು ಪ್ರತಿ ಇಲ್ಲ ಎಂದು ಬಂತು. ಇದಕ್ಕೆ ಫೆಲನ್-ಮ್ಯಾಕ್‌ಡರ್ಮಿಡ್ ಸಿಂಡ್ರೋಮ್ ಎನ್ನುತ್ತಾರೆ. ಊರಿನ ನೆಂಟರು ಅಷ್ಟರಲ್ಲಾಗಲೇ ತೀರ್ಪು ಕೊಟ್ಟಾಗಿತ್ತು: ಬಸುರಿಯಲ್ಲೂ ಆಫೀಸಿಗೆ ಓಡಾಡಿದ್ದರಿಂದ ಹೀಗಾಯಿತು, ಮಗುವಿನ ಕೈಗೆ ಮೊಬೈಲ್ ಕೊಟ್ಟಿದ್ದರಿಂದ ಹೀಗಾಯಿತು. ತಿಪಟೂರಿನಲ್ಲಿರುವ ಅಮ್ಮನಿಗೆ ವರದಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಓದುತ್ತಾ ಹೋದರೆ ಎಲ್ಲೆಲ್ಲೂ ಈ ಮೀನೇ ಎದುರಾಯಿತು.

ಅಂಗಡಿ ಬೀದಿಯ ತಿರುವಿನಲ್ಲಿ ಒಂದು ಮನೆ ಏಳುತ್ತಿತ್ತು. ಗೋಡೆಗೆ ಆತು ಸರ್ವೆ ಮರದ ಗಳುಗಳನ್ನು ಹಗ್ಗದಲ್ಲಿ ಬಿಗಿದಿದ್ದರು. ನಾವು ಸಾರುವೆ ಅನ್ನುತ್ತೇವೆ, ಇಲ್ಲಿಯವರು ಸಾರಂ ಅನ್ನುತ್ತಾರೆ. ಅಮ್ಮನಿಗೆ ಹೇಳಲು ಬೇಕಾದ ಮಾತು ಅಲ್ಲೇ ಸಿಕ್ಕಿತು.

ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಕ್ಕೆ ಸಿನ್ಯಾಪ್ಸ್ ಎಂದು ಹೆಸರು. ಸಂದೇಶ ಪಡೆಯುವ ದಡದಲ್ಲಿ ಅದನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಅವು ಅತ್ತಿತ್ತ ಚೆದುರದಂತೆ ಹಿಡಿದಿಡುವುದು ಪಿಎಸ್‌ಡಿ-95, ಹೋಮರ್, ಶ್ಯಾಂಕ್ ಮುಂತಾದ ಪ್ರೋಟೀನ್‌ಗಳ ಸಾರುವೆ. ಮನೆ ಮುಗಿದ ಮೇಲೆ ಮೇಸ್ತ್ರಿ ಸಾರುವೆ ಬಿಚ್ಚುತ್ತಾನೆ. ಮಿದುಳಿನ ಸಾರುವೆ ಮಾತ್ರ ಜೀವ ಇರುವ ತನಕ ಬೇಕು. ಜೀನಿನ ಒಂದು ಪ್ರತಿ ಇಲ್ಲದಿದ್ದರೆ ಶ್ಯಾಂಕ್-3 ಸಾಕಷ್ಟು ತಯಾರಾಗುವುದಿಲ್ಲ. ಮಾತು ತಡವಾಗುತ್ತದೆ ಅಥವಾ ಬರುವುದೇ ಇಲ್ಲ, ಸ್ನಾಯುಗಳಲ್ಲಿ ಬಿಗಿ ಇರುವುದಿಲ್ಲ.

ಮಗುವಿನ ತಲೆಯೊಳಗೆ ಈ ಕಟ್ಟಡ ಏಳುವುದನ್ನು ನೋಡಲಾಗದು. ಜೀಬ್ರಾ ಮೀನಿನಲ್ಲಿ ನೋಡಬಹುದು. ಅದರ ಮೊಟ್ಟೆ ತಾಯಿಯ ಮೈಯ ಹೊರಗೆ ಬೆಳೆಯುತ್ತದೆ, ಭ್ರೂಣ ಗಾಜಿನಂತೆ ಪಾರದರ್ಶಕ. ಪ್ರಯೋಗಾಲಯಗಳು ಅದನ್ನು 28.5 ಡಿಗ್ರಿಯಲ್ಲಿ ಬೆಳೆಸುತ್ತವೆ. ಚಳಿ ದೇಶಗಳಲ್ಲಿ ಅದಕ್ಕೆ ಹೀಟರ್ ಬೇಕು. ಕೊಳತ್ತೂರಿನ ತಾರಸಿಯಲ್ಲಿ ವರ್ಷದ ಬಹುಪಾಲು ಅದು ಪುಕ್ಕಟೆ. ಮುಕ್ಕಾಲು ಗಂಟೆಗೆ ಮೊದಲ ಕೋಶ ಎರಡಾಗುತ್ತದೆ. ಸುಮಾರು 17 ಗಂಟೆಗೆ ಬಾಲ ತಾನಾಗಿ ಮಿಡುಕುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಮುಟ್ಟಿದರೆ ಬೆಚ್ಚುತ್ತದೆ. ಐದು ದಿನಕ್ಕೆ ಈಜಿ ಬೇಟೆಯಾಡುತ್ತದೆ.

2013ರಲ್ಲಿ ಇದರ ಜೀನೋಮ್ ಪ್ರಕಟವಾದಾಗ, ಮನುಷ್ಯನ ಸುಮಾರು 70 ಶೇಕಡಾ ಜೀನ್‌ಗಳಿಗೆ ಇದರಲ್ಲಿ ಜೋಡಿ ಇದೆ ಎಂದು ತಿಳಿಯಿತು. ಮೀನಿನ ಪೂರ್ವಜರಲ್ಲಿ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಗಿದ್ದರಿಂದ ನಮಗೆ ಒಂದು ಶ್ಯಾಂಕ್-3 ಇದ್ದರೆ ಅದಕ್ಕೆ ಎರಡು. ಅವನ್ನು ಕೆಡಿಸಿದ ಮರಿಗಳು ಕಡಿಮೆ ಈಜುತ್ತವೆ, ದೀಪ ಆರಿಸಿದಾಗ ಬೇರೆ ಮರಿಗಳಷ್ಟು ಚುರುಕಾಗಿ ಅಲ್ಲಾಡುವುದಿಲ್ಲ. ಅವುಗಳ ಕರುಳಿನಲ್ಲಿ ಆಹಾರವೂ ನಿಧಾನವಾಗಿ ಸಾಗುತ್ತದೆ. ಇದನ್ನು ಓದಿದಾಗ ಸುಮ್ಮನೆ ಕೂತುಬಿಟ್ಟೆ. ಮಗನ ಮಲಬದ್ಧತೆಗೆ ಅಕ್ಕ ಮಾಡದ ಕಷಾಯವಿಲ್ಲ, ಬದಲಿಸದ ಅಡುಗೆಯಿಲ್ಲ.

ಈ ಮೀನು ನಮಗೆ ಹೊರಗಿನದಲ್ಲ. ಇದರ ಮೂಲ ನಮ್ಮ ಉಪಖಂಡದ ತೊರೆ, ಗದ್ದೆಗಳ ನೀರು. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಆಗ ಹೆಸರು ಬದಲಿಸಿಕೊಂಡಿದ್ದ ಆತ ನಮಗೆ ಗೊತ್ತಿರುವ ಬುಕಾನನ್. 1800ರ ಏಪ್ರಿಲ್‌ನಲ್ಲಿ ಇದೇ ಮದರಾಸಿನಿಂದ ಹೊರಟು ಮೈಸೂರು, ಕೆನರಾ ಸುತ್ತಿ ಬರೆದವನು. ಅಮೆರಿಕದ ಒರೆಗಾನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ತಳಿಶಾಸ್ತ್ರದ ಮೀನಾಗಿಸಿದ. ಅವನ ತಳಿಗಳೂ ಬಂದದ್ದು ಸಾಕುಮೀನಿನ ಅಂಗಡಿಯಿಂದಲೇ. ಇಂದು ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲೂ ಇದರ ಮರಿಗಳು ಈಜಲು ನರಮಂಡಲವನ್ನು ಹೇಗೆ ಬಳಸುತ್ತವೆ ಎಂದು ನೋಡುತ್ತಿದ್ದಾರೆ.

ಈ ಮೀನಿನಿಂದ ನಮ್ಮ ಹುಡುಗನಿಗೆ ಔಷಧಿ ಇನ್ನೂ ಬಂದಿಲ್ಲ. ವಾರಕ್ಕೆರಡು ದಿನ ಸ್ಪೀಚ್ ಥೆರಪಿ ನಡೆದಿದೆ. ಆದರೆ ಒಂದು ಸಂಗತಿ ಗಟ್ಟಿಯಾಗಿ ಹೇಳಬಹುದು. ಈ ಜೀನಿನ ಲೋಪ ಬಹುಪಾಲು ಮಕ್ಕಳಲ್ಲಿ ಹೊಸದಾಗಿ ಆಗುತ್ತದೆ, ತಂದೆತಾಯಿಯಿಂದ ಬರುವುದಿಲ್ಲ. ಅಕ್ಕ, ಭಾವ ಇಬ್ಬರ ಪರೀಕ್ಷೆಯಲ್ಲೂ ಜೀನ್ ಸರಿಯಾಗಿಯೇ ಇದೆ.

ಅಂದು ಸಂಜೆ ಅಮ್ಮನಿಗೆ ಫೋನ್ ಮಾಡಿ ಸಾರುವೆಯಿಂದಲೇ ಶುರು ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅಮ್ಮ ಕೇಳಿದ್ದು ಒಂದೇ: "ಹಂಗಾದ್ರೆ ಅವಳು ಬಸುರಿಯಲ್ಲಿ ಓಡಾಡಿದ್ದಕ್ಕೆ ಅಲ್ಲ ಅಲ್ವೇನೋ?"

"ಅಲ್ಲಮ್ಮ."

"ಇದನ್ನ ಅವಳ ಅತ್ತೆಗೂ ಫೋನ್ ಮಾಡಿ ಹೇಳು. ನಾನು ಹೇಳಿದ್ರೆ ಮಗಳ ಕಡೆ ಮಾತಾಡ್ತೀನಿ ಅಂತಾರೆ."