ಬಲ ಹಾಕಬೇಕಾಗಿ ಬಂದ್ರೆ ಮೆಷಿನ್ ನಿಲ್ಸು

ಮರಗೆಲಸದ ಶೆಡ್ಡಿಗೆ ಬಂದವರೆಲ್ಲ ಹೆದರೋದು ಗರಗಸದ ಮೆಷಿನ್ನಿಗೆ. ಅದರ ಹಲ್ಲು ಕಣ್ಣಿಗೆ ಕಾಣುತ್ತೆ, ಸದ್ದೂ ಜೋರು. ಪಕ್ಕದಲ್ಲಿ ಎರಡು ಕಬ್ಬಿಣದ ಟೇಬಲ್ ಜೋಡಿಸಿಟ್ಟ ಹಾಗೆ ಸುಮ್ಮನೆ ಕೂತಿರೋ ಪ್ಲೇನರ್ ಮೆಷಿನ್ ಕಂಡರೆ ಯಾರಿಗೂ ಭಯ ಇಲ್ಲ. ಕೆಲವರು ಅದರ ಮೇಲೆ ಟೀ ಲೋಟ ಇಡ್ತಾರೆ! ನನ್ನನ್ನು ಕೇಳಿದರೆ ಹೆಚ್ಚು ಮರ್ಯಾದೆ ಕೊಡಬೇಕಾದ್ದು ಅದಕ್ಕೇ. ಗರಗಸಕ್ಕೆ ಬೆರಳು ಸಿಕ್ಕರೆ ತುಂಡು ಎತ್ತಿಕೊಂಡು ಆಸ್ಪತ್ರೆಗೆ ಓಡಬಹುದು, ಒಮ್ಮೊಮ್ಮೆ ಹೊಲಿದು ಕೂಡಿಸ್ತಾರೆ. ಪ್ಲೇನರ್ ಹೆರೆದುಬಿಡುತ್ತೆ. ಕೂಡಿಸೋಕೆ ಏನೂ ಉಳಿದಿರೋದಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಡೊಂಕು ಹಲಗೆಯ ಒಂದು ಮುಖವನ್ನು ಸಪಾಟು ಮಾಡೋದು, ಅಂಚನ್ನು ನೇರ ಮಾಡೋದು ಈ ಮೆಷಿನ್ ಕೆಲಸ. ಈಚೆ ಒಂದು ಟೇಬಲ್, ಆಚೆ ಒಂದು ಟೇಬಲ್, ನಡುವಿನ ಸಂದಿಯಲ್ಲಿ ಬ್ಲೇಡು ಕೂರಿಸಿದ ಉರುಳೆ. ಅದು ನಿಮಿಷಕ್ಕೆ 4,000 ಸುತ್ತು ತಿರುಗುತ್ತೆ ಅಂತಿಟ್ಟುಕೊಳ್ಳಿ. ಬ್ಲೇಡು ಮೂರಿದ್ದರೆ ಸೆಕೆಂಡಿಗೆ 200 ಏಟು. ಈಚೆ ಟೇಬಲ್ ಎಷ್ಟು ತಗ್ಗಿದೆಯೋ ಅಷ್ಟು ಮರ ಹೋಗುತ್ತೆ. ಗಟ್ಟಿ ಮರಕ್ಕೆ ಒಂದು ಸಲಕ್ಕೆ 1 ಮಿಲಿಮೀಟರ್ ಸಾಕು.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ, ದೊಡ್ಡಪ್ಪನ ಶೆಡ್ಡಿನಲ್ಲಿ. ಅವರ ಎಡಗೈ ನಡುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಯಾರದೋ ಗೃಹಪ್ರವೇಶಕ್ಕೆ ದಾರಂದ ಮುಗಿಸೋ ಗಡಿಬಿಡಿ, ಮೊಂಡಾದ ಬ್ಲೇಡು, ಮುಕ್ಕಾಲು ಅಡಿಯ ಹಲಸಿನ ತುಂಡು. ಮರ ಮುಂದೆ ಹೋಗಲಿಲ್ಲ, ಅವರು ಒತ್ತಿ ತಳ್ಳಿದರು. ತುಂಡು ಹಾರಿತು, ಕೈ ಅಲ್ಲೇ ಉಳಿಯಿತು. ಆಮೇಲೆ ಕೆಲಸ ಕಲಿಯೋಕೆ ಬಂದವರಿಗೆಲ್ಲ ಒಂದೇ ಮಾತು: “ಮರ ತಾನಾಗಿ ಹೋಗ್ಬೇಕು ಮಾರಾಯ. ಬಲ ಹಾಕ್ಬೇಕಾಗಿ ಬಂತು ಅಂದ್ರೆ ಮೊದ್ಲು ಮೆಷಿನ್ ನಿಲ್ಸು.”

ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸೋದು, ಈ ಮಾತಲ್ಲಿ ಸುರಕ್ಷತೆಯೂ ಇದೆ, ರಿಪೇರಿಯೂ ಇದೆ. ಮರ ಹೋಗ್ತಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಅದನ್ನು ತೋಳಿನ ಬಲದಿಂದ ಮುಚ್ಚೋಕೆ ಹೋದಾಗಲೇ ಕೈ ಹೋಗೋದು.

ಮೊದಲು ನೋಡಬೇಕಾದ್ದು ಆಚೆ ಟೇಬಲ್. ಅದು ಬ್ಲೇಡಿನ ತುದಿ ಏರುವ ಎತ್ತರಕ್ಕೆ ಸರಿಸಮ ಇರಬೇಕು. ಒಂಚೂರು ಎತ್ತರವಾದರೆ ಹಲಗೆ ಅದರ ಅಂಚಿಗೆ ಬಡಿದು ನಿಲ್ಲುತ್ತೆ, ಇಲ್ಲವೇ ಕೊನೆಗೆ ಹೋಗ್ತಾ ಹೋಗ್ತಾ ಬ್ಲೇಡಿಗೆ ಮರವೇ ಸಿಗೋದಿಲ್ಲ. ತಗ್ಗಾದರೆ ಹಲಗೆಯ ಬಾಲ ಬ್ಲೇಡಿನ ಮೇಲೆ ಕುಸಿದು, ಕೊನೆಯ ಎರಡು ಇಂಚಲ್ಲಿ ಹಳ್ಳ ಬೀಳುತ್ತೆ. ಪರೀಕ್ಷೆ ಸುಲಭ. ಪ್ಲಗ್ ಕಿತ್ತು, ನೇರವಾದ ಮರದ ಪಟ್ಟಿಯೊಂದನ್ನು ಆಚೆ ಟೇಬಲ್ ಮೇಲಿಂದ ಬ್ಲೇಡಿನ ಮೇಲಕ್ಕೆ ಚಾಚಿ ಇಡಿ. ಉರುಳೆಯನ್ನು ಹುಷಾರಾಗಿ ಕೈಯಲ್ಲಿ ತಿರುಗಿಸಿ. ಬ್ಲೇಡು ಪಟ್ಟಿಯನ್ನು ಮೂರು ನಾಲ್ಕು ಮಿಲಿಮೀಟರ್ ಎಳೆದು ಬಿಟ್ಟರೆ ಸರಿ. ಮುಟ್ಟದೇ ಹೋದರೆ ಟೇಬಲ್ ಎತ್ತರ, ತುಂಬ ಎಳೆದರೆ ತಗ್ಗು. ಮೂರೂ ಬ್ಲೇಡಿಗೆ, ಎರಡೂ ತುದಿಯಲ್ಲಿ ನೋಡಿ. ಒಂದು ಬ್ಲೇಡು ಮಾತ್ರ ಮೇಲಿದ್ದರೆ ಕೆಲಸವೆಲ್ಲ ಅದೊಂದೇ ಮಾಡುತ್ತೆ, ಹಲಗೆ ಮೇಲೆ ಅಲೆ ಅಲೆ ಗುರುತು ಬೀಳುತ್ತೆ.

ಉದ್ದಕ್ಕೂ ತೆಳು ಗೆರೆ ಎದ್ದರೆ ಬ್ಲೇಡು ಮುಕ್ಕಾಗಿದೆ. ಮೊಳೆಯೋ ಕಲ್ಲೋ ತಾಗಿರಬೇಕು. ಸಾಣೆಗೆ ಕೊಡುವ ತನಕ ಒಂದು ಬ್ಲೇಡನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಬಿಗಿದರೆ ಗೆರೆ ಮಾಯ. ಮರ ಸುಟ್ಟ ಹಾಗೆ ಕಪ್ಪಾದರೆ ಬ್ಲೇಡು ಮೊಂಡು. ಅಂಚು ಓರೆ ಬರ್ತಿದ್ದರೆ ಹಲಗೆ ಒರಗಿಸೋ ಪಟ್ಟಿಗೆ ಮೂಲೆಮಟ್ಟ ಹಿಡಿದು ನೋಡಿ.

ಚೆಕ್ಕೆ ಏಳ್ತಿದ್ರೆ? ಎಳೆ ನೋಡಿಲ್ಲ ಅಂತ ಅರ್ಥ. ಬೆಕ್ಕಿನ ಬೆನ್ನು ಸವರೋ ಹಾಗೆ ಬ್ಲೇಡು ಎಳೆ ಮಲಗಿದ ಕಡೆಗೇ ಸವರಬೇಕು. ಆಗ್ತಿಲ್ಲ ಅಂದ್ರೆ ಹಲಗೆ ತಿರುಗಿಸಿ ಇನ್ನೊಂದು ತುದಿಯಿಂದ ಕೊಡಿ. ಹಲಸು ಇದಕ್ಕೂ ಬಗ್ಗೋದಿಲ್ಲ. ಅದರಲ್ಲಿ ಒಂದು ಪಟ್ಟಿಯ ಎಳೆ ಈ ಕಡೆ ಮಲಗಿದ್ರೆ ಪಕ್ಕದ್ದು ಆ ಕಡೆ. ಅದಕ್ಕೆ ಹರಿತ ಬ್ಲೇಡು, ಅರ್ಧ ಮಿಲಿಮೀಟರ್, ನಿಧಾನ. ಉಳಿದದ್ದು ಕೈ ಹತ್ತರಿಯ ಪಾಲು.

ಹಲಗೆಯನ್ನು ಹಳ್ಳದ ಮುಖ ಕೆಳಗೆ ಮಾಡಿ ಇಡಬೇಕು, ಆಗ ತೊನೆದಾಡೋದಿಲ್ಲ. ಡೊಂಕನ್ನು ಒತ್ತಿ ನೇರ ಮಾಡೋಕೆ ಹೋಗಬೇಡಿ. ಕೈ ಬಿಟ್ಟ ಕೂಡಲೆ ಅದು ವಾಪಸ್ ಬಾಗುತ್ತೆ. ಒಂದಷ್ಟು ಭಾಗ ದಾಟಿದ ಮೇಲೆ ಒತ್ತಡವೆಲ್ಲ ಆಚೆ ಟೇಬಲ್ ಮೇಲೆ. ಅಂಗೈ ಬ್ಲೇಡಿನ ಮೇಲೆ ಹಾಯಬಾರದು. ಎತ್ತಿ ಆಚೆ ಇಡಬೇಕು. ಒಂದು ಅಡಿಗಿಂತ ಗಿಡ್ಡ ತುಂಡು ಈ ಮೆಷಿನ್ನಿಗೆ ಬೇಡವೇ ಬೇಡ. ಸಣ್ಣ ಹಲಗೆಗೆ, ಹಿಂದೆ ಮೆಟ್ಟಿಲಿನ ಥರ ಕೊರೆದ ಹಿಡಿಯಿರೋ ತಳ್ಳುವ ಕಟ್ಟಿಗೆ. ಹೆಗಲ ಮೇಲೆ ಟವೆಲ್ ಬೇಡ, ಕೈಗವಸಂತೂ ಬೇಡ. ಗವಸು ಸಿಕ್ಕರೆ ಬೆರಳನ್ನೂ ಒಳಗೆ ಎಳೆಯುತ್ತೆ.

ಬ್ಲೇಡು ಮುಚ್ಚುವ ಗಾರ್ಡ್ ನಮ್ಮ ಕಡೆಯ ಎಷ್ಟೋ ಶೆಡ್ಡುಗಳಲ್ಲಿ ಮೂಲೆ ಸೇರಿರುತ್ತೆ, “ಅಡ್ಡ ಬರುತ್ತೆ” ಅಂತ. ಯಂತ್ರದ ಅಪಾಯದ ಭಾಗಗಳಿಗೆ ರಕ್ಷಣೆ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಹೇಳಿತ್ತು. ಆದರೆ ಕರೆಂಟ್ ಬಳಸುವ ಕಡೆ 10 ಜನ ದುಡಿದರೆ ಅದು ಕಾರ್ಖಾನೆ ಅಂತ ಆ ಕಾಯ್ದೆಯ ಲೆಕ್ಕವಾಗಿತ್ತು. ಇಬ್ಬರು ಮೂವರಿರೋ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರ್ ಬರ್ತಾರೆ? ನಮ್ಮ ಬೆರಳು ನಾವೇ ಕಾಯಬೇಕು.

ಈಗ ತಮ್ಮನ ಮಗ ಬಿಕಾಂ ಮುಗಿಸಿ ಕೆಲಸ ಕಲಿಯೋಕೆ ಬಂದಿದ್ದಾನೆ. ಮೊದಲ ದಿನವೇ “ದೊಡ್ಡಪ್ಪಾ, ಒಂದು ಹಲಗೆ ಬಿಡ್ಲಾ?” ಅಂದ. ಬ್ಲೇಡು ಬಿಚ್ಚಿ, ಒರೆಸಿ, ಪಟ್ಟಿ ಇಟ್ಟು ನೋಡಿ ಕೂರಿಸೋದನ್ನ ಹೇಳಿಕೊಟ್ಟೆ. ಎರಡು ವಾರದಿಂದ ಅದನ್ನೇ ಮಾಡ್ತಿದ್ದಾನೆ. ಹಲಗೆ ಮುಂದಿನ ತಿಂಗಳು.