ಏನಿಲ್ಲ ಸಾರ್

ಮೇಷ್ಟರ ಕೋಣೆಯ ಬಾಗಿಲಲ್ಲಿ ನಿಂತು ಹುಡುಗರು ಹೇಳುವ ಸುಳ್ಳುಗಳಲ್ಲಿ ಅತಿ ದೊಡ್ಡದು 'ಏನಿಲ್ಲ ಸಾರ್' ಎಂಬುದು. ಇದು ತಿಳಿಯಲು ನನಗೆ ಇಪ್ಪತ್ತು ವರ್ಷದ ಮೇಷ್ಟರಿಕೆ ಬೇಕಾಯಿತು. ಎಂ.ಎ. ಓದುತ್ತಿದ್ದ ಹುಡುಗನೊಬ್ಬ ಎರಡು ಸಲ ನನ್ನ ಬಾಗಿಲವರೆಗೆ ಬಂದ. "ಏನಪ್ಪಾ?" ಎಂದೆ. "ಏನಿಲ್ಲ ಸಾರ್" ಎಂದ. ನಾನು ಮತ್ತೆ ಉತ್ತರ ಪತ್ರಿಕೆಗಳ ಕಟ್ಟಿಗೆ ತಲೆ ಬಗ್ಗಿಸಿದೆ. ಮೂರನೆಯ ಸಲ ಅವನು ಬರಲಿಲ್ಲ. ಊರಿಗೆ ಹೋದವನು ಪರೀಕ್ಷೆಗೂ ಹಿಂದಿರುಗಲಿಲ್ಲ.

ಮುಂದೆ ನಮ್ಮ ವಿಶ್ವವಿದ್ಯಾಲಯದಲ್ಲಿ ಆಪ್ತ ಸಮಾಲೋಚನಾ ಕೇಂದ್ರ ತೆರೆದಾಗ ಸಮಿತಿಯಲ್ಲಿ ನಾನೂ ಇದ್ದೆ. ದೀಪ, ಹಾರ, ಭಾಷಣ ಎಲ್ಲ ಆಯಿತು. ಆಡಳಿತ ಕಚೇರಿಯ ಮೊದಲ ಮಹಡಿಯಲ್ಲಿ ಕೋಣೆ, ದಪ್ಪಕ್ಷರದ ಬೋರ್ಡು, ಹೊರಗೆ ನಾಲ್ಕು ಕುರ್ಚಿ, ಮೇಜಿನ ಮೇಲೊಂದು ರಿಜಿಸ್ಟರು. ಸಮಯ ಹತ್ತೂವರೆಯಿಂದ ಐದು. ಮೂರು ತಿಂಗಳಾದರೂ ರಿಜಿಸ್ಟರಿನ ಮೊದಲ ಪುಟ ತುಂಬಲಿಲ್ಲ. "ನಮ್ಮ ಮಕ್ಕಳಿಗೆ ಅಂಥ ತೊಂದರೆ ಏನಿಲ್ಲ" ಎಂದು ಸಮಿತಿ ಸಮಾಧಾನಪಟ್ಟುಕೊಂಡಿತು. ಅದೇ ಸುಳ್ಳು, ಈ ಸಲ ನಮ್ಮ ಬಾಯಲ್ಲಿ! 2022ರ ಒಂದೇ ವರ್ಷದಲ್ಲಿ ದೇಶದ 13,044 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಅವರಲ್ಲಿ ಎಷ್ಟು ಮಂದಿ ಯಾರ ಯಾರ ಬಾಗಿಲಲ್ಲಿ ನಿಂತು ಬಂದಿದ್ದರೋ!

ಹುಡುಗರನ್ನೇ ಕೇಳೋಣ ಎಂದೆ. "ರೋಗಿಯನ್ನು ಕೇಳಿ ಔಷಧಿ ಬರೀತಾರೇನ್ರೀ?" ಎಂದರು ಹಿರಿಯರೊಬ್ಬರು. "ಎಲ್ಲಿ ನೋಯುತ್ತೆ ಅಂತಲಾದರೂ ಕೇಳ್ತಾರಲ್ಲ ಸಾರ್" ಎಂದೆ.

ಆರು ಜನ ವಿದ್ಯಾರ್ಥಿಗಳನ್ನು ಕರೆದೆವು. ಮೊದಲ ಅರ್ಧ ಗಂಟೆ ಮೌನ. ಟೀ ಬಂದ ಮೇಲೆ ಹಾಸ್ಟೆಲಿನ ಹುಡುಗಿಯೊಬ್ಬಳು ಬಾಯಿಬಿಟ್ಟಳು: "ಆ ಕುರ್ಚಿ ಮೇಲೆ ಕೂತರೆ ಫೀಸು ಕಟ್ಟೋಕೆ ಬಂದವರೆಲ್ಲ ನೋಡ್ತಾರೆ ಸಾರ್. ಸಂಜೆಯೊಳಗೆ ಹಾಸ್ಟೆಲ್‌ಗೆಲ್ಲ ಸುದ್ದಿ." ಇನ್ನೊಬ್ಬ ಹೇಳಿದ: "ರಿಜಿಸ್ಟರಲ್ಲಿ ಅಪ್ಪನ ಫೋನ್ ನಂಬರ್ ಕೇಳ್ತೀರಿ. ಅಪ್ಪನಿಗೆ ಹೇಳೋ ಹಾಗಿದ್ದರೆ ಇಲ್ಲಿಗ್ಯಾಕೆ ಬರ್ತಿದ್ದೆ?" ಮತ್ತೊಬ್ಬಳದು ಸಣ್ಣ ಮಾತು: "ಐದಕ್ಕೆ ಬಾಗಿಲು ಹಾಕ್ತೀರಿ. ನಮಗೆ ಕಷ್ಟ ಶುರುವಾಗೋದೇ ರಾತ್ರಿ." ಹಳ್ಳಿಯಿಂದ ಬಂದ ಹುಡುಗ ಕೊನೆಗೆ, "ಅಲ್ಲಿ ಮೇಡಂ ಇಂಗ್ಲಿಷಲ್ಲಿ ಮಾತಾಡ್ತಾರೆ. ನನ್ನ ಸಂಕಟಕ್ಕೆ ಇಂಗ್ಲಿಷಲ್ಲಿ ಏನಂತಾರೋ ನನಗೆ ಗೊತ್ತಿಲ್ಲ" ಎಂದ. ಯಾರೂ ನಗಲಿಲ್ಲ.

ಕೋಣೆ ಗ್ರಂಥಾಲಯದ ಹಿಂಬದಿಗೆ ಹೋಯಿತು. ಬೋರ್ಡು ಇಳಿಯಿತು. ರಿಜಿಸ್ಟರಿನ ಬದಲು ಹೆಸರಿಲ್ಲದ ಚೀಟಿ ಬಂತು. ವಾರಕ್ಕೆರಡು ದಿನ ರಾತ್ರಿ ಎಂಟರವರೆಗೆ, ಕನ್ನಡ ಬಲ್ಲವರು. ಹಾಸ್ಟೆಲಿನ ಗೋಡೆಗೆ ಟೆಲಿ ಮಾನಸ್‌ನ 14416 ಅಂಟಿಸಿದೆವು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸಹಾಯವಾಣಿ ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತದೆ. ಹಾಸ್ಟೆಲಿಗೆ ಇಬ್ಬರು ಹಿರಿಯ ವಿದ್ಯಾರ್ಥಿಗಳಿಗೆ ತರಬೇತಿಯೂ ಆಯಿತು. ಅವರ ಕೆಲಸ ಕಿವಿಗೊಡುವುದು, ಜೊತೆಗೆ ನಡೆದು ಕೋಣೆ ತಲುಪಿಸುವುದು, ಅಷ್ಟೆ. ಮಕ್ಕಳನ್ನು ವೈದ್ಯರಾಗಿಸುವ ತಪ್ಪು ನಾವು ಮಾಡಲಿಲ್ಲ.

ನೂರು ವಿದ್ಯಾರ್ಥಿಗಳಿದ್ದರೂ ಒಬ್ಬ ಅರ್ಹ ಸಮಾಲೋಚಕರು ಇರಲೇಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿತು. ಒಳ್ಳೆಯದೇ. ಆದರೆ ಆ ಕುರ್ಚಿಯನ್ನು ಎಲ್ಲಿ ಹಾಕಬೇಕೆಂದು ಹೇಳಬಲ್ಲವರು ಅದರ ಮೇಲೆ ಕೂರಬೇಕಾದವರೇ.

ಈಗಲೂ ಬಾಗಿಲಲ್ಲಿ ಯಾರಾದರೂ ನಿಂತು "ಏನಿಲ್ಲ ಸಾರ್" ಎನ್ನುತ್ತಾರೆ. ನಾನು ಪೆನ್ನು ಕೆಳಗಿಟ್ಟು, "ಏನಿಲ್ಲದಿದ್ದರೂ ಕೂತ್ಕೋಪ್ಪ" ಎನ್ನುತ್ತೇನೆ.